ಅಂಚಿನ ಸಾಲು

ಸಾಹಿತಿಗಳು ಸಾಹಿತಿಗಳಿಗೆ ಬರೆದ ನಲವತ್ತೊಂದು ಕಾಗದಗಳು ನನ್ನ ಪೆಟ್ಟಿಗೆಯಲ್ಲಿವೆ, ಎಲ್ಲಕ್ಕೂ ಸಹಿಯುಂಟು. ಕೊಂಡವು ಕೆಲವು, ಬೇಡಿ ತಂದವು ಹಲವು. ಇದನ್ನು ನಾನು ಹವ್ಯಾಸವೆನ್ನುತ್ತೇನೆ. ನನ್ನಾಕೆ ಇದಕ್ಕಿಟ್ಟಿರುವ ಹೆಸರು ಬೇರೆ. "ಇನ್ನೊಬ್ಬರ ಕಾಗದ ಓದಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವರು ನೀವೇ ಅಲ್ಲವೇ?" ಎಂದು ಒಮ್ಮೆ ಕೇಳಿದಳು. ಬರೆದವರೂ ಪಡೆದವರೂ ಕಾಲವಾಗಿದ್ದಾರೆ ಎಂದೆ. ಅದು ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಾನೂನಿನ ಉತ್ತರವೇನೋ ಹಳೆಯದು. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಮತ್ತು ಜೊನಾಥನ್ ಸ್ವಿಫ್ಟ್ ಇವರ ಪತ್ರವ್ಯವಹಾರವನ್ನು ಎಡ್ಮಂಡ್ ಕರ್ಲ್ ಎಂಬ ಪ್ರಕಾಶಕ ಯಾರ ಅಪ್ಪಣೆಯೂ ಇಲ್ಲದೆ ಅಚ್ಚು ಹಾಕಿದ. ಪೋಪ್ ದಾವೆ ಹೂಡಿದ. 1741ರಲ್ಲಿ ಲಾರ್ಡ್ ಛಾನ್ಸಲರ್ ಹಾರ್ಡ್‌ವಿಕ್ ಕೊಟ್ಟ ತೀರ್ಪಿನ ಸಾರ ಇಷ್ಟು: ಕಾಗದ ಪಡೆದವನಿಗೆ ಹೆಚ್ಚೆಂದರೆ ಆ ಹಾಳೆಯ ಮೇಲೆ ಹಕ್ಕು, ಅದರೊಳಗಿನ ಮಾತನ್ನು ಲೋಕಕ್ಕೆ ಸಾರುವ ಹಕ್ಕು ಬರೆದವನದೇ. ಹೀಗಾಗಿ ಪೋಪ್ ಬರೆದ ಕಾಗದಗಳಿಗೆ ತಡೆಯಾಜ್ಞೆ ಸಿಕ್ಕಿತು. ಅವನಿಗೆ ಬಂದವುಗಳಿಗೆ ಸಿಗಲಿಲ್ಲ. ಅಂದಮೇಲೆ ನನ್ನ ಪೆಟ್ಟಿಗೆ ನನ್ನದು, ಹಾಳೆಗಳೂ ನನ್ನವು, ಮಾತು ಮಾತ್ರ ನನ್ನದಲ್ಲ.

ಆದರೆ ಈ ಪೋಪ್ ಮಹಾಶಯನೇನು ಅಮಾಯಕನಲ್ಲ. 1735ರಲ್ಲಿ ತನ್ನ ಕಾಗದಗಳು ಅದೇ ಕರ್ಲ್‌ನ ಕೈಗೆ ಗುಟ್ಟಾಗಿ ಸೇರುವಂತೆ ಸಂಚು ನಡೆಸಿದವನು ಅವನೇ. ಕಳ್ಳಮುದ್ರಣ ಹೊರಬಿದ್ದರೆ, ಅದನ್ನು ಸರಿಪಡಿಸುವ ನೆವದಲ್ಲಿ ತಾನೇ ಪ್ರಕಟಿಸಬಹುದಲ್ಲ! 1737ರಲ್ಲಿ ಹಾಗೆಯೇ ಮಾಡಿದ. ಅದಕ್ಕೆ ಮೊದಲೇ ಗೆಳೆಯರಿಂದ ಹಳೆಯ ಕಾಗದಗಳನ್ನು ಹಿಂದಕ್ಕೆ ತರಿಸಿಕೊಂಡು ತಿದ್ದಿದ್ದ. ಜಾನ್ ಕ್ಯಾರಿಲ್ ಎಂಬ ಗೆಳೆಯನಿಗೆ ಬರೆದ ಕೆಲವನ್ನು ಪ್ರಸಿದ್ಧನಾದ ಅಡಿಸನ್‌ಗೆ ಬರೆದಂತೆ ಮಾಡಿದ್ದ. ಪಾಪ, ಕ್ಯಾರಿಲ್ ಹಿಂದಿರುಗಿಸುವ ಮೊದಲು ನಕಲು ಇಟ್ಟುಕೊಂಡಿದ್ದುದು ಅವನಿಗೇನು ಗೊತ್ತು? ನೂರು ವರ್ಷಕ್ಕೂ ಮೇಲೆ ಆ ನಕಲುಗಳು ಹೊರಬಂದು ಕವಿಯ ಕೈಚಳಕ ಬಯಲಾಯಿತು. ನನ್ನಂಥವರಿಗೆ ಕ್ಯಾರಿಲ್ ಕುಲದೇವತೆ.

ಚಾರ್ಲ್ಸ್ ಡಿಕನ್ಸ್‌ನ ದಾರಿ ಬೇರೆ. 1860ರ ಸೆಪ್ಟೆಂಬರಿನಲ್ಲಿ, ಗ್ಯಾಡ್ಸ್ ಹಿಲ್‌ನ ತನ್ನ ಮನೆಯ ಹಿಂದೆ, ಇಪ್ಪತ್ತು ವರ್ಷಗಳಿಂದ ಬಂದಿದ್ದ ಕಾಗದಗಳನ್ನು ರಾಶಿ ಹಾಕಿ ಸುಟ್ಟ. ಕಾರ್ಲೈಲ್, ಥ್ಯಾಕರೆ ಮೊದಲಾದವರು ಬರೆದವೂ ಅದರಲ್ಲಿದ್ದವು. ಮಕ್ಕಳು ಆ ಬೂದಿಯಲ್ಲಿ ಈರುಳ್ಳಿ ಸುಟ್ಟುಕೊಂಡರಂತೆ! ಓದಿದಾಗ ನನ್ನ ಹೊಟ್ಟೆಯೂ ಉರಿಯಿತು. ಹಾಳೆ ಅವನದು, ಮಾತು ಅವರದು ಎಂದು ನ್ಯಾಯಾಧೀಶರು ಎರಡು ಮಾಡಬಹುದು. ಬೆಂಕಿಗೆ ಆ ಭೇದ ತಿಳಿಯದು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಒಂದು ಕಾರ್ಡು. ಕನ್ನಡದ ಒಬ್ಬ ಲೇಖಕರು ಇನ್ನೊಬ್ಬರಿಗೆ ಬರೆದದ್ದು, ಹೆಸರು ಬೇಡ. ಕ್ಷೇಮಸಮಾಚಾರ, ಮಳೆ, ಪ್ರೂಫು ಬಾರದ ಗೋಳು. ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡಲಾಗಿ, ಮೂರನೆಯ ಲೇಖಕರೊಬ್ಬರ ಪುಸ್ತಕವನ್ನು ಕುರಿತು ಒಂದು ಸಾಲು. ಕ್ರೂರವಾದ ಸಾಲು. ಅದೇ ಪುಸ್ತಕಕ್ಕೆ ಇವರೇ ಬರೆದ ಮುನ್ನುಡಿಯ ತುಂಬ ಹೊಗಳಿಕೆ. ನಿಜ ಹೇಳಬೇಕೆಂದರೆ, ಆ ಅಡ್ಡಸಾಲು ಇಲ್ಲದಿದ್ದರೆ ನಾನು ಅಷ್ಟು ಹಣ ಕೊಡುತ್ತಿರಲಿಲ್ಲ.

ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಅದರ ನಕಲು ಕೇಳಿದ್ದಾಳೆ. ಮುನ್ನುಡಿಯನ್ನಷ್ಟೇ ನಂಬಿ ಸಾಹಿತ್ಯಚರಿತ್ರೆ ಬರೆಯುವುದು ಹೇಗೆ ಎನ್ನುತ್ತಾಳೆ. ಸರಿಯೇ. ಆದರೆ ಅಂಚಿನ ಸಾಲೇ ನಿಜ, ಮುನ್ನುಡಿ ಸುಳ್ಳು ಎನ್ನುವುದಕ್ಕೆ ಆಧಾರವೇನು? ಬೇಸರದ ಸಂಜೆಯೊಂದರಲ್ಲಿ ಗೆಳೆಯನ ಮುಂದೆ ಆಡಿದ್ದೆಲ್ಲ ಮನುಷ್ಯನ ಅಂತರಂಗವೆಂದು ತಿಳಿಯುವುದು ನಮ್ಮಂಥ ಸಂಗ್ರಾಹಕರ ಮೂಢನಂಬಿಕೆ. ಒಬ್ಬನಿಗೆಂದು ಆಡಿದ ಮಾತು ಆ ಒಬ್ಬನ ಕಿವಿಯ ಅಳತೆಗೆ ಹೊಲಿದದ್ದು. ಕಾರ್ಡನ್ನು ಅಂಚೆಯವನೂ ಓದಬಹುದಿತ್ತಲ್ಲ ಎಂಬ ವಾದ ಉಂಟು. ಅಂಚೆಯವನು ಅದನ್ನು ಅಚ್ಚು ಹಾಕಿಸುತ್ತಿರಲಿಲ್ಲ.

ಆ ಮೂರನೆಯವರ ಮಗ, ಎಂಬತ್ತು ದಾಟಿದವರು, ನಮ್ಮ ಬೀದಿಯ ಕೊನೆಯಲ್ಲೇ ಇದ್ದಾರೆ. ಆ ಮುನ್ನುಡಿಯ ಮೊದಲ ಪುಟ ಅವರ ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದೆ. ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದರು. "ನಮ್ಮ ತಂದೆಯವರಿಗೆ ಸಂಬಂಧಪಟ್ಟದ್ದು ನಿಮ್ಮಲ್ಲಿ ಏನಾದರೂ ಇದೆಯೇ ಸ್ವಾಮಿ?" ಎಂದು ಕೇಳಿದರು.

ಹುಡುಕಿ ನೋಡುತ್ತೇನೆ ಎಂದೆ. ಪೆಟ್ಟಿಗೆ ನನ್ನ ಕುರ್ಚಿಯ ಪಕ್ಕದಲ್ಲೇ ಇತ್ತು. ನನ್ನಾಕೆ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.