ಕೂಗದವರ ಕೂಗು

ಮನುಷ್ಯನ ಬಹುತೇಕ ಕೆಲಸಗಳಿಗೆ ವೇಳೆಯುಂಟು. ಉಳುಮೆಗೆ ಹದ, ಕೊಯ್ಲಿಗೆ ಕಾಲ, ಕಚೇರಿಗೆ ಗಂಟೆ, ದೇವಾಲಯದ ಪೂಜೆಗೂ ಗಂಟೆ. ಹೆರಿಗೆಗೆ ಮಾತ್ರ ಅದಾವುದೂ ಇಲ್ಲ. ವೈದ್ಯರು ಬರೆದುಕೊಟ್ಟ ದಿನಕ್ಕೆ ಮುಂಚೆಯೂ ಮಗು ಬಂದೀತು, ಆ ದಿನ ಕಳೆದ ಮೇಲೂ ಬಂದೀತು. ಆದ್ದರಿಂದ ಹೆರಿಗೆ ಮಾಡಿಸುವವರ ದಿನವೆಂಬುದು ಅವರ ಕೈಯಲ್ಲಿರುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಆಸ್ಪತ್ರೆಗಳ ಹೆರಿಗೆ ಕೋಣೆಯ ಮುಂದೆ ಒಂದು ಹಗಲು ಕಾದು ಕುಳಿತವರಿಗೆ ಈ ಮಾತು ಚೆನ್ನಾಗಿ ತಿಳಿದಿರುತ್ತದೆ. ಜಗುಲಿಯಲ್ಲಿ ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಸಾಲುಗಟ್ಟಿದ ಬಸುರಿಯರು; ಒಳಗೆ ನೋವು ತಿನ್ನುತ್ತಿರುವ ಒಬ್ಬಳು; ಆಗಷ್ಟೇ ಹೆತ್ತು ಮಲಗಿರುವ ಮತ್ತೊಬ್ಬಳು; ಬಾಗಿಲಲ್ಲಿ ಬಂದು ನಿಂತ ವಾಹನದ ಸದ್ದು. ಇರುವುದು ಎರಡು ಕೈ, ಬರುವುದು ನಾಲ್ಕು ಕಡೆಯ ಕರೆ. ಇಲ್ಲೇಳುವ ಪ್ರಶ್ನೆ ವೈದ್ಯಶಾಸ್ತ್ರದ್ದು ಮಾತ್ರವಲ್ಲ, ನೀತಿಯದೂ ಹೌದು. ಯಾರ ಕರೆಗೆ ಮೊದಲು ಓಗೊಡಬೇಕು? ಬಿಟ್ಟುಹೋಗಬೇಕಾಗಿ ಬಂದವರಿಗೆ ನಾವು ತೀರಿಸಬೇಕಾದ ಋಣವೇನು?

ಹಲವು ವರ್ಷಗಳ ಹಿಂದಿನ ಮಾತು. ಕರ್ನಾಟಕಕ್ಕೆ 108 ಆಂಬುಲೆನ್ಸ್ ಇನ್ನೂ ಬಂದಿರಲಿಲ್ಲ. ಈ ಸೀಮೆಯ ಒಂದು ಆಸ್ಪತ್ರೆಗೆ ನನ್ನ ಹೆಂಡತಿಯನ್ನು ಚೊಚ್ಚಲ ಹೆರಿಗೆಗೆಂದು ಕರೆದೊಯ್ದಿದ್ದೆ. ಅವಳು ನೋವಿನಿಂದ ಕೂಗುತ್ತಿದ್ದಳು. ಅವಳ ಬೆನ್ನು ನೀವುತ್ತ ನಿಂತಿದ್ದ ಸಿಸ್ಟರ್, ಕಾಡಂಚಿನ ಹಾಡಿಯೊಂದರಿಂದ ಜೀಪೊಂದು ಬಂದು ನಿಂತೊಡನೆ ಕೈ ಬಿಟ್ಟು ಅತ್ತ ಧಾವಿಸಿದರು. ಜೀಪಿನಿಂದ ಇಳಿಸಿದ ಹೆಣ್ಣುಮಗಳ ಮುಖ ಊದಿಕೊಂಡಿತ್ತು, ಬಾಯಲ್ಲಿ ಮಾತಿರಲಿಲ್ಲ. ನಾನು ಅಡ್ಡ ನಿಂತು, "ಮೊದಲು ಬಂದವರು ನಾವಲ್ಲವೇ ಸಿಸ್ಟರ್? ಕೂಗುತ್ತಿರುವುದು ನಿಮಗೆ ಕೇಳಿಸುತ್ತಿಲ್ಲವೇ?" ಎಂದು ಗದರಿದೆ. ಅವರು ಸಿಟ್ಟಾಗಲಿಲ್ಲ. "ಕೇಳಿಸುತ್ತಿದೆ ಅಣ್ಣ. ನಿಮ್ಮ ಮನೆಯವರು ಕೂಗುತ್ತಿದ್ದಾರೆ, ಅದರಿಂದ ನನಗೆ ಧೈರ್ಯ. ಈಕೆ ಕೂಗುತ್ತಿಲ್ಲ, ಅದೇ ನನಗೆ ಭಯ" ಎಂದು ಒಳನಡೆದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಬಸುರಿಯ ರಕ್ತದೊತ್ತಡ ಏರಿದಾಗ ತಲೆನೋವು ಬಂದು, ಕಣ್ಣು ಮಂಜಾಗಿ, ಅನಂತರ ಫಿಟ್ಸ್ ಬರಬಹುದು. ಆ ಹೊತ್ತಿಗೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಬೀಳದಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು. ಹೆತ್ತವಳ ರಕ್ತಸ್ರಾವವೂ ಹಾಗೆಯೇ, ಸದ್ದು ಮಾಡುವುದಿಲ್ಲ. ಹೆರಿಗೆಯಾದ ಮೊದಲ ಎರಡು ಗಂಟೆ, ಹದಿನೈದು ನಿಮಿಷಕ್ಕೊಮ್ಮೆ ಅವಳ ನಾಡಿಯನ್ನೂ ಹೊಟ್ಟೆಯನ್ನೂ ಮುಟ್ಟಿ ನೋಡಬೇಕೆಂಬ ನಿಯಮವಿರುವುದು ಅದಕ್ಕೇ. ಹುಟ್ಟಿದೊಡನೆ ಅಳದ ಮಗುವಿಗೆ ಒಂದೇ ನಿಮಿಷದೊಳಗೆ ಉಸಿರು ಕೊಡಬೇಕು. ಹೆರಿಗೆ ಕೋಣೆಯಲ್ಲಿ ಅತಿ ದೊಡ್ಡ ಅಪಾಯಗಳೆಲ್ಲ ಮೌನವಾಗಿಯೇ ಬರುತ್ತವೆ.

ಆದರೆ ಲೋಕದ ರೂಢಿಯೇ ಬೇರೆ. ಇಲ್ಲಿ ಮೊದಲ ಮನ್ನಣೆ ಗಟ್ಟಿಯಾಗಿ ಕೂಗುವವನಿಗೆ, ಪರಿಚಯದ ಚೀಟಿ ತಂದವನಿಗೆ. ಮೊದಲು ಬಂದವರಿಗೆ ಮೊದಲು ಎಂಬ ನ್ಯಾಯವೂ ಪಡಿತರ ಅಂಗಡಿಗೆ ಸಾಕಾದೀತು, ಹೆರಿಗೆ ಕೋಣೆಗೆ ಸಾಲದು. ಹಾಡಿಯಿಂದ ಬರುವವಳು ತಡವಾಗಿ ಬಂದದ್ದು ಅವಳ ಉದಾಸೀನದಿಂದಲ್ಲ. ಅವಳ ದಾರಿ ದೂರ. ಮೊದಲು ತಲುಪಲು ನನಗಿದ್ದ ಅನುಕೂಲವನ್ನೇ ನಾನು ನನ್ನ ಹಕ್ಕೆಂದು ಭಾವಿಸಿದ್ದೆ.

ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದಲ್ಲಿ ಇಂಥದೇ ಒಂದು ಗಡಿಬಿಡಿಯ ದಿನವಿದೆ. ಪ್ರಾರ್ಥನಾಮಂದಿರದ ಅಧ್ಯಕ್ಷನಾದ ಯಾಯೀರನು ಸಾಯುತ್ತಿರುವ ಮಗಳಿಗಾಗಿ ಯೇಸುಸ್ವಾಮಿಯ ಕಾಲಿಗೆ ಬೀಳುತ್ತಾನೆ. ಸ್ವಾಮಿ ಹೊರಡುತ್ತಾರೆ. ದಾರಿಯಲ್ಲಿ, ಹನ್ನೆರಡು ವರ್ಷದಿಂದ ರಕ್ತಸ್ರಾವದಿಂದ ನರಳುತ್ತಿದ್ದ ಸ್ತ್ರೀಯೊಬ್ಬಳು ಹಿಂದಿನಿಂದ ಬಂದು ಅವರ ಉಡುಪನ್ನು ಮುಟ್ಟುತ್ತಾಳೆ. ಅವಳು ಕೂಗಲಿಲ್ಲ, ಬೇಡಲಿಲ್ಲ. ಸ್ವಾಮಿ ನಿಂತರು, ಅವಳ ಕಥೆಯೆಲ್ಲವನ್ನೂ ಕೇಳಿದರು. ಅಷ್ಟರಲ್ಲಿ ಯಾಯೀರನ ಮಗಳು ತೀರಿಹೋದ ಸುದ್ದಿ ಬಂತು. ನಾವು ಈ ವಾಕ್ಯಗಳನ್ನು ಆಲಿಸುವಾಗ ಸ್ವಸ್ಥಳಾದ ಸ್ತ್ರೀಯನ್ನು ನೆನೆಯುತ್ತೇವೆ; ಪಕ್ಕದಲ್ಲಿ ಕಾಯುತ್ತ ನಿಂತ ತಂದೆಯ ಸಂಕಟವನ್ನು ಮರೆಯುತ್ತೇವೆ. ಆಸ್ಪತ್ರೆಯ ಜಗುಲಿಯಲ್ಲಿ ನಾನು ಯಾಯೀರನ ಜಾಗದಲ್ಲಿದ್ದೆ. ಆದರೆ ಯಾಯೀರನು ಆ ಸ್ತ್ರೀಯನ್ನು ಗದರಿದನೆಂದು ಶುಭಸಂದೇಶ ಎಲ್ಲಿಯೂ ಹೇಳುವುದಿಲ್ಲ.

ಸ್ವಾಮಿ ಯಾಯೀರನನ್ನು ಕೈಬಿಡಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಹೆದರಬೇಡವೆಂದರು, ಅವನ ಮನೆಗೇ ಹೋದರು, ಮಗಳನ್ನು ಎಬ್ಬಿಸಿದರು. ನಮ್ಮ ಶುಶ್ರೂಷಕಿಯರಿಗೆ ಸತ್ತವರನ್ನು ಎಬ್ಬಿಸುವ ಶಕ್ತಿಯಿಲ್ಲ. ಆದ್ದರಿಂದಲೇ ಅವರ ಆಯ್ಕೆಯ ಭಾರ ಹೆಚ್ಚು. ಸರಿಯಾದ ಆಯ್ಕೆಯನ್ನೇ ಮಾಡಿದರೂ ಬಿಟ್ಟುಬಂದವಳ ನೆನಪು ಕಾಡುತ್ತದೆ. ಇದು ಪಾಪಪ್ರಜ್ಞೆಯಲ್ಲ, ಪ್ರೀತಿ ಇನ್ನೂ ಮುಗಿದಿಲ್ಲವೆಂಬುದರ ಗುರುತು. ಈ ಋಣ ತೀರುವುದು ಹಿಂದಿರುಗಿ ಬರುವುದರಿಂದ. ಆ ಸಂಜೆ ಸಿಸ್ಟರ್ ಹಿಂದಿರುಗಿ ಬಂದರು. ನನ್ನ ಹೆಂಡತಿಯ ತಲೆ ಸವರಿ, "ತಡವಾಯಿತಮ್ಮ, ಇನ್ನು ಇಲ್ಲೇ ಇರುತ್ತೇನೆ" ಎಂದರು. ಮಗಳು ಹುಟ್ಟಿದಾಗ ಕತ್ತಲಾಗಿತ್ತು. ಸಿಸ್ಟರ್ ಬೆಳಗಿನಿಂದ ಊಟ ಮಾಡಿರಲಿಲ್ಲವೆಂದು ನಮ್ಮ ಅತ್ತೆಯವರು ಆಮೇಲೆ ಹೇಳಿದರು.

ಇದನ್ನು ಕೇಳಿ "ಎಂಥ ತ್ಯಾಗ!" ಎಂದು ಹೊಗಳಿ ಸುಮ್ಮನಾಗುವುದು ಸುಲಭ. ಅದು ಸಾಲದು. ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ ಮೋಶೆಯನ್ನು ಕಂಡು ಮಾವ ಇತ್ರೋ ಹೊಗಳಲಿಲ್ಲ. ನೀನೂ ಬಳಲುವೆ, ಜನರೂ ಬಳಲುವರು, ಭಾರವನ್ನು ಹಂಚಿಕೋ ಎಂದ. ಒಬ್ಬಳೇ ಶುಶ್ರೂಷಕಿ ಇಬ್ಬರು ತಾಯಂದಿರ ನಡುವೆ ಆರಿಸಬೇಕಾಗಿ ಬಂದರೆ, ಆ ಆಯ್ಕೆಯ ದೋಷ ಅವಳದಲ್ಲ. ಇನ್ನೊಬ್ಬಳನ್ನು ನೇಮಿಸದ ಸಮಾಜದ್ದು.

ಭಾರ ಹಂಚಿಕೊಂಡಾಗ ಏನಾಗುತ್ತದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ನಡುವೆ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಬಂತು. ವಿಧಿಯೆಂದು ನಾವು ಕೈಚೆಲ್ಲಿದ್ದ ಸಾವುಗಳಲ್ಲಿ ಅನೇಕವು ವಿಧಿಯಾಗಿರಲಿಲ್ಲ. ಶುಶ್ರೂಷಕಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ಪ್ರಸೂತಿ ಸೇವೆಗೆಂದೇ ಸಿದ್ಧಗೊಳಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿತು. ಅದೇ ವರ್ಷ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಸಂದಿತು. ಅಕ್ಷರ ಕಲಿಯದ ಆ ತಾಯಿ ಹಣ ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿ, ಆ ವರ್ಷದ ಡಿಸೆಂಬರ್ 25ರಂದು, ಕ್ರಿಸ್ತಜಯಂತಿಯ ದಿನವೇ ಕಣ್ಮುಚ್ಚಿದರು.

ಪವಿತ್ರ ಗ್ರಂಥವು ಸೂಲಗಿತ್ತಿಯರನ್ನು ಮರೆತಿಲ್ಲ. ಗಂಡುಕೂಸುಗಳನ್ನು ಕೊಲ್ಲಿರೆಂದ ಫರೋಹನ ಆಜ್ಞೆಯನ್ನು ಶಿಪ್ರಾ ಮತ್ತು ಪೂಗಾ ಪಾಲಿಸಲಿಲ್ಲ. ಅರಸ ವಿಚಾರಿಸಿದಾಗ, ಇಬ್ರಿಯ ಹೆಂಗಸರು ತಾವು ಹೋಗುವ ಮೊದಲೇ ಹೆತ್ತುಬಿಡುತ್ತಾರೆ ಎಂದರು. ಹೇಳದೆ ಕೇಳದೆ ಬರುವ ಹೆರಿಗೆಯ ಸ್ವಭಾವವೇ ಅಂದು ಕಂದಮ್ಮಗಳಿಗೆ ರಕ್ಷೆಯಾಯಿತು. ಆ ಅರಸನ ಸ್ವಂತ ಹೆಸರು ಅಲ್ಲಿ ದಾಖಲಾಗಿಲ್ಲ. ಆ ಇಬ್ಬರು ಹೆಣ್ಣುಮಕ್ಕಳ ಹೆಸರುಗಳು ಉಳಿದಿವೆ.

ಜೀಪಿನಲ್ಲಿ ಬಂದ ಆ ಹೆಣ್ಣುಮಗಳ ಹೆಸರು ನನಗೆ ಗೊತ್ತಿಲ್ಲ. ಚುಚ್ಚುಮದ್ದು ಕೊಟ್ಟು ಮೈಸೂರಿಗೆ ಕಳುಹಿಸಿದರು. ಮುಂದೇನಾಯಿತೆಂದು ಕೇಳುವಷ್ಟು ವಿವೇಕ ಅಂದು ನನಗಿರಲಿಲ್ಲ. ಪ್ರತಿ ವರ್ಷ ಜೂನ್ 13ರಂದು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಮಗಳೊಡನೆ ಹೋಗುವಾಗ ಎರಡು ಮೇಣದ ಬತ್ತಿ ಹಚ್ಚುತ್ತೇನೆ. ಎರಡನೆಯದು ಯಾರಿಗೆಂದು ಮಗಳು ಒಮ್ಮೆ ಕೇಳಿದಳು. ನಿನಗಿಂತ ಮೊದಲು ಒಳಗೆ ಹೋಗಬೇಕಾಗಿದ್ದವರಿಗೆ ಎಂದೆ.