ಯಾರ ರೊಕ್ಕ, ಯಾರ ಧೈರ್ಯ

ಬೆಂಗಳೂರಿನಲ್ಲಿ ಕೆಲಸ ಮಾಡುವ ವಿಜಯಪುರದ ಕಡೆಯವರಿಗೆ ಹಬ್ಬಕ್ಕೆ ಊರಿಗೆ ಹೋದಾಗ ಎರಡು ಪ್ರಶ್ನೆ ಖಾಯಂ ಇದ್ದವು: ಪಗಾರ ಎಷ್ಟು, ಲಗ್ನ ಯಾವಾಗ. ಈಗ ಮೂರನೆಯದೊಂದು ಸೇರಿಕೊಂಡಿದೆ. ‘ಯಾವ ಶೇರ್ ತಗೋಬೇಕು ಹೇಳಪಾ, ನಿಮ್ಮಂಥಾವ್ರಿಗೆ ಗೊತ್ತಿರ್ತೈತಿ.’ ಮೊದಲ ಎರಡರಿಂದ ನಕ್ಕು ತಪ್ಪಿಸಿಕೊಳ್ಳುವ ನಾವು ಮೂರನೆಯದಕ್ಕೆ ಮಾತ್ರ ಕುರ್ಚಿ ಎಳೆದುಕೊಂಡು ಕೂತು ಉತ್ತರ ಕೊಡುತ್ತೇವೆ. ಫೋನ್ ತೆಗೆದು ನಮ್ಮ ಪೋರ್ಟ್‌ಫೋಲಿಯೋದ ಹಸಿರು ಅಂಕಿ ತೋರಿಸುವವರೂ ಇದ್ದಾರೆ.

ಕೇಳುವವರಿಗೆ ಇದು ಹಣಕಾಸಿನ ಪ್ರಶ್ನೆ. ಉತ್ತರಿಸುವವನಿಗೆ ಇದು ನೀತಿಯ ಪ್ರಶ್ನೆ ಅಂತ ನನ್ನ ವಾದ. ಹೇಳುವವನು ನಾನು, ಕಳೆದುಕೊಳ್ಳುವವರು ಇನ್ನೊಬ್ಬರು. ದುಡ್ಡು ತೆಗೆದುಕೊಂಡು ಹೂಡಿಕೆ ಸಲಹೆ ಕೊಡುವವರಿಗೆ ಸೆಬಿ 2013ರಲ್ಲೇ ನಿಯಮ ಮಾಡಿದೆ. ನೋಂದಣಿ ಬೇಕು. ಎದುರಿಗಿರುವವರ ಆದಾಯ ಏನು, ಸಾಲ ಎಷ್ಟು, ಎಷ್ಟು ನಷ್ಟ ತಡೆದುಕೊಳ್ಳಬಲ್ಲರು ಎಂದು ಮೊದಲು ತಿಳಿದುಕೊಳ್ಳಬೇಕು. ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಪುಕ್ಕಟೆ ಹೇಳುವ ಅಣ್ಣನ ಮಗನಿಗೆ ಇದ್ಯಾವುದೂ ಇಲ್ಲ. ಆದರೆ ಜನ ನಂಬುವುದು ಅವನನ್ನೇ.

ತಿಕೋಟಾದಲ್ಲಿ ನಮ್ಮ ಕಾಕಾನ ದ್ರಾಕ್ಷಿ ಪಡ ಇದೆ. ಒಂದು ವರ್ಷ ಮಣೂಕ ಮಾರಿ ಕೈಗೆ ಬಂದದ್ದು 8 ಲಕ್ಷ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ; ಆ 8 ಲಕ್ಷದ ಹಿಂದೆ ಎಷ್ಟು ಗೊನೆ, ಎಷ್ಟು ಟ್ಯಾಂಕರ್ ನೀರು ಇತ್ತು ಅಂತ ಅವರಿಗೇ ಗೊತ್ತು. ‘ಬ್ಯಾಂಕ್‌ನಾಗ ಇಟ್ರ ಏನ್ ಬರ್ತೈತಿ? ಎಲ್ಲಾ ಶೇರಿನ್ಯಾಗ ಹಾಕೂಣು’ ಅಂದರು. ನಾನು ಕಂಪನಿಯ ಹೆಸರು ಹೇಳಲಿಲ್ಲ, ಆ ರೊಕ್ಕಕ್ಕೆ ಏನೇನು ಕೆಲಸ ಕಾದಿದೆ ಅಂತ ಕೇಳಿದೆ. ಬೆಳೆ ಸಾಲ ಕಟ್ಟಿ ನವೀಕರಿಸಬೇಕು, 3 ಲಕ್ಷ. ಏಪ್ರಿಲ್ ಚಾಟಣಿಯಿಂದ ಅಕ್ಟೋಬರ್ ಚಾಟಣಿ ದಾಟುವವರೆಗೆ ಗೊಬ್ಬರ, ಔಷಧಿ, ಆಳು ಸೇರಿ ಎರಡೂವರೆ. ಮಗಳ ಕಾಲೇಜು ಫೀ 1 ಲಕ್ಷ. ಉಳಿದದ್ದು ಒಂದೂವರೆ. ಅಕ್ಟೋಬರ್ ಚಾಟಣಿ ಆದಮೇಲೆ ಮಳೆ ಹಿಡಿದು ಡೌನಿ ರೋಗ ಬಿತ್ತು ಅಂದರೆ ಮನೆ ನಡೆಯಬೇಕಾದದ್ದು ಆ ಒಂದೂವರೆಯಲ್ಲೇ. ‘ಹಂಗಾದ್ರ ಈ ವರ್ಷ ಶೇರಿಗೆ ಹಾಕಲಿಕ್ಕೆ ಏನೂ ಇಲ್ಲ ಕಾಕಾ’ ಅಂದೆ.

ಅವರಿಗೆ ಸಿಟ್ಟು ಬಂತು. ‘ನೀ ಹಾಕಬೌದು, ನಾ ಹಾಕಬಾರದು? ವರ್ಷಾ ಆಕಾಶ ನೋಡಿ ರೊಕ್ಕ ಹಚ್ಚಾವ ನಾನು. ನನಗ ಧೈರ್ಯದ ಪಾಠ ಹೇಳ್ತಿಯೇನು?’

ಈ ಮಾತನ್ನು ತಳ್ಳಿಹಾಕೋಕೆ ಆಗಲ್ಲ. ಓದಿದವರು ಹಳ್ಳಿಯವರಿಗೆ ‘ನಿಮಗೆ ಇದೆಲ್ಲ ಬೇಡ’ ಅನ್ನುವುದರಲ್ಲಿ ಕಾಳಜಿಯ ಜೊತೆ ಸ್ವಲ್ಪ ದೊಡ್ಡಸ್ತಿಕೆಯೂ ಇರುತ್ತೆ. ಲೆಕ್ಕ ಹಾಕಿದರೆ ಕಾಕಾನ ಇಡೀ ಆಸ್ತಿ ಒಂದೇ ಬೆಳೆಯಲ್ಲಿ, ಒಂದೇ ಊರಿನ ಹವಾಮಾನದಲ್ಲಿ ಸಿಕ್ಕಿಕೊಂಡಿದೆ. ಬೇರೆ ಕಡೆಗೂ ಹಣ ಹರಡಿರಬೇಕಾದ ಅಗತ್ಯ ನನಗಿಂತ ಅವರಿಗೇ ಹೆಚ್ಚು. ಅವರಿಗೆ ತಿಳಿವಳಿಕೆಯೂ ಇಲ್ಲ ಅಂತಲ್ಲ. ಷೇರು ಎಂದರೆ ಏನು, ಎಫ್‌ಡಿ ಎಂದರೆ ಏನು ಅನ್ನೋದನ್ನ ನಾನು ಹೊಲದ ಮಾತಿನಲ್ಲಿ ಹೇಳಿದೆ. ಹೊಲವನ್ನು ಲಾವಣಿಗೆ ಹಾಕಿದರೆ (ನಮ್ಮ ಕಡೆ ಲಾವಣಿ ಅಂದರೆ ಹಾಡಷ್ಟೇ ಅಲ್ಲ, ವರ್ಷಕ್ಕಿಷ್ಟು ಅಂತ ಗುತ್ತಿಗೆ) ಮಳೆ ಬರಲಿ ಬಿಡಲಿ ನಿಮ್ಮ ದುಡ್ಡು ಬರಬೇಕು. ಪಾಲಿಗೆ ಹಾಕಿದರೆ ಬೆಳೆದದ್ದರಲ್ಲಿ ಭಾಗ, ಒಣಗಿದರೆ ಒಣಗಿದ್ದರಲ್ಲೂ ಭಾಗ. ಎಫ್‌ಡಿ ಲಾವಣಿ, ಷೇರು ಪಾಲು. ಒಂದೇ ಸಲಕ್ಕೆ ಹಿಡಿದರು. ‘ಲಾವಣಿ ತಗೊಂಡಾವನ ಓಡಿ ಹೋದ್ರ?’ ಅಂತ ತಿರುಗಿ ಕೇಳಿದರು. ಸರಿಯಾದ ಪ್ರಶ್ನೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಊರೂರಿನ ಪತ್ತಿನ ಸಹಕಾರಿ ಸಂಘಗಳಲ್ಲಿ ಇಟ್ಟ ಠೇವಣಿಗೆ ಆ ವಿಮೆ ಇಲ್ಲ. ಹೆಚ್ಚು ಬಡ್ಡಿ ಅಂತ ಅಲ್ಲಿಡುವವರು ಇದನ್ನು ಕೇಳಿಕೊಂಡು ಇಟ್ಟರೆ ಒಳ್ಳೆಯದು.

ಹಾಗಿದ್ದರೆ ನಾನು ಬೇಡ ಅಂದದ್ದು ಯಾಕೆ? 2020ರ ಜನವರಿಯಲ್ಲಿ ನಿಫ್ಟಿ 12,000ದ ಮೇಲಿತ್ತು. ಮಾರ್ಚ್ 23ರಂದು ಅದು ಮುಗಿದದ್ದು 7,610ಕ್ಕೆ. ನವೆಂಬರ್ ಹೊತ್ತಿಗೆ ಹಳೆಯ ಎತ್ತರವನ್ನೂ ದಾಟಿತ್ತು. ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಈ ಕಥೆಯನ್ನು ‘ತಾಳ್ಮೆ ಇದ್ದವರು ಗೆದ್ದರು’ ಅಂತ ಹೇಳುತ್ತಾರೆ. ಅದೇ ಮಾರ್ಚ್‌ನಲ್ಲಿ ವಿಜಯಪುರ ಜಿಲ್ಲೆಯ ತೋಟಗಳಲ್ಲಿ ಹಣ್ಣು ನಿಂತಿತ್ತು. ಲಾಕ್‌ಡೌನ್, ಲಾರಿ ಇಲ್ಲ, ಕೊಳ್ಳುವವರಿಲ್ಲ. ಕಾಕಾನ ಹಣ ಆಗ ಮಾರುಕಟ್ಟೆಯಲ್ಲಿ ಇದ್ದಿದ್ದರೆ, ಅದು ಅತಿ ಕೆಳಗೆ ಬಿದ್ದ ವಾರದಲ್ಲೇ ಅವರು ತೆಗೆಯಬೇಕಾಗುತ್ತಿತ್ತು. ನನಗೆ ಆ ತಿಂಗಳೂ ಒಂದನೇ ತಾರೀಖಿಗೆ ಸಂಬಳ ಬಂತು, ಹಾಗಾಗಿ ನಾನು ‘ತಾಳ್ಮೆ’ ತೋರಿಸಿದೆ. ಅದು ನನ್ನ ಗುಣ ಅಲ್ಲ, ನನ್ನ ಪೇ ಸ್ಲಿಪ್‌ನ ಗುಣ. ದೀರ್ಘಾವಧಿಗೆ ಹಾಕಿ, ಬಿದ್ದಾಗ ಹೆದರಬೇಡಿ ಅಂತ ಯೂಟ್ಯೂಬ್‌ನಲ್ಲಿ ಹೇಳುವವರು ಸುಳ್ಳು ಹೇಳುತ್ತಿಲ್ಲ. ಕೇಳುವವನ ಹತ್ತಿರ ಆ ಅವಧಿ ಇದೆಯಾ ಅಂತ ಮಾತ್ರ ಅವರು ಕೇಳುವುದಿಲ್ಲ.

ಇದನ್ನು ಹೀಗೆಯೇ ಕಾಕಾನಿಗೂ ಹೇಳಿದೆ. ಧೈರ್ಯ ನಿಮಗೇ ಜಾಸ್ತಿ, ಕಾಯಲಿಕ್ಕೆ ಸವಲತ್ತು ನನಗೆ ಜಾಸ್ತಿ. ಕೊನೆಗೆ ಅವರೇ ಒಂದು ದಾರಿ ಮಾಡಿದರು: ಒಂದು ಕೆಟ್ಟ ವರ್ಷಕ್ಕೆ ಸಾಕಾಗುವಷ್ಟು ಮೊದಲು ಬ್ಯಾಂಕಿನಲ್ಲಿ ಕೂಡಲಿ, ಆಮೇಲೆ ಪ್ರತಿ ಸಲ ಮಣೂಕ ಮಾರಿದಾಗ 50,000 ಇಂಡೆಕ್ಸ್ ಫಂಡಿಗೆ, ಏಳೆಂಟು ವರ್ಷ ಮುಟ್ಟಬಾರದು. ತಿಂಗಳಿಗಿಷ್ಟು ಅಂತ ಕಟ್ಟುವ ಎಸ್‌ಐಪಿ ಪಗಾರದವರ ಲೆಕ್ಕಕ್ಕೆ ಹೊಲಿದ ಅಂಗಿ. ವರ್ಷಕ್ಕೊಮ್ಮೆ ದುಡ್ಡು ಕಾಣುವವರಿಗೆ ಅದು ಸರಿಹೊಂದದಿದ್ದರೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನಮ್ಮ ಅಜ್ಜಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ದುಡಿಯದೆ ಬಂದ ರೊಕ್ಕ ದಕ್ಕೂದಿಲ್ಲ, ಇದು ಜೂಜು, ಅಷ್ಟೇ. ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಕಾಯಕ ಅನ್ನುವ ಮಾತು ಇಲ್ಲಿ ಪುಸ್ತಕದ್ದಲ್ಲ. ನಾನು ಅಜ್ಜಿಯ ಮಾತನ್ನು ಅರ್ಧ ಒಪ್ಪುತ್ತೇನೆ. ಷೇರಿನ ಲಾಭ ಕಾಯಕವಲ್ಲ. ಎಲ್ಲೋ ಯಾರೋ ದುಡಿದದ್ದರಲ್ಲಿ ನನಗೆ ಸಿಗುವ ಭಾಗ ಅದು. ಆದರೆ ಹೊಲ ಪಾಲಿಗೆ ಕೊಟ್ಟವನು ಬರಗಾಲವನ್ನೂ ಹಂಚಿಕೊಂಡಾಗ ಅವನ ಭಾಗವನ್ನು ಜೂಜು ಅಂತ ಅಜ್ಜಿಯೂ ಅನ್ನುವುದಿಲ್ಲ. ನಾಚಿಕೊಳ್ಳುವಂಥದ್ದೂ ಅಲ್ಲ, ಆಫೀಸಿನಲ್ಲಿ ಕೆಲವರು ಮಾಡುವ ಹಾಗೆ ಸ್ವಂತ ಪ್ರತಿಭೆ ಅಂತ ಎದೆ ತಟ್ಟಿಕೊಳ್ಳುವಂಥದ್ದೂ ಅಲ್ಲ.

ಅಜ್ಜಿಯ ಮಾತು ಪೂರ್ತಿ ಸರಿ ಆಗುವ ಜಾಗ ಒಂದಿದೆ, ಆಪ್ಷನ್ಸ್ ಟ್ರೇಡಿಂಗ್. ಅಲ್ಲಿ ಒಬ್ಬರ ಲಾಭ ಇನ್ನೊಬ್ಬರ ನಷ್ಟ, ನಡುವೆ ಬ್ರೋಕರ್ ಮತ್ತು ಸರ್ಕಾರದ ಪಾಲು ಕಳೆಯಬೇಕು. ಯಾವ ಬಳ್ಳಿಯೂ ಬೆಳೆದಿರುವುದಿಲ್ಲ. ಬೆಳೆ ಬೆಳೆದವನು ಬೆಲೆ ಕುಸಿತದಿಂದ ರಕ್ಷಣೆ ಪಡೆಯಲು ಇಂಥ ಒಪ್ಪಂದ ಮಾಡಿಕೊಂಡರೆ ಅದಕ್ಕೆ ಅರ್ಥವಿದೆ; ಮೊಬೈಲ್ ಹಿಡಿದು ಗುರುವಾರಕ್ಕೋ ಮಂಗಳವಾರಕ್ಕೋ ಪಂದ್ಯ ಕಟ್ಟುವವರ ಕಥೆ ಬೇರೆ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಅಂಡ್ ಓ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93 ಶೇಕಡಾ ಜನ ನಷ್ಟದಲ್ಲಿದ್ದರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ, ಅಂದರೆ ಕಾಕಾನ ಆ ವರ್ಷದ ಉಳಿತಾಯಕ್ಕಿಂತ ಜಾಸ್ತಿ.

ಬಬಲೇಶ್ವರದಲ್ಲಿ ಅಕ್ಕನ ಮಗ ಇದನ್ನೇ ಮಾಡುತ್ತಿದ್ದ. ಟೆಲಿಗ್ರಾಮ್‌ನಲ್ಲಿ ನಾಲ್ಕು ಗ್ರೂಪು, ನಾಲ್ಕರಲ್ಲೂ ಒಂದೇ ‘ಕಾಲ್’ ಬಂದರೆ ಪಕ್ಕಾ ಅಂತ ಅವನ ನಂಬಿಕೆ. ಗೋಲಗುಮ್ಮಟದ ಮೇಲೆ ಹತ್ತಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತೆ. ಏಳು ಜನ ಕೂಗಿದರು ಅಂತ ಅಲ್ಲಿ ಯಾರೂ ತಿಳಿಯುವುದಿಲ್ಲ. ಅವನು ನಗುತ್ತಾ ‘ಮಾಮಾ, ನಿಮಗ ಧೈರ್ಯ ಇಲ್ಲ’ ಅಂದ. ‘ಇದು ಯಾರ ರೊಕ್ಕ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಪ್ಪಂದು’ ಅಂದ. ಧಾರವಾಡದ ಕೋಚಿಂಗ್‌ಗೆ ಅಂತ ಕೊಟ್ಟ 40,000. ಹೇಳಬೇಕೋ ಬೇಡವೋ ಅಂತ ನಾನು ಎರಡು ದಿನ ಒದ್ದಾಡಿದೆ. ನನ್ನನ್ನು ನಂಬಿ ಹೇಳಿದ ಹುಡುಗ, ಆದರೆ ಅಕ್ಕ ಭಾವನಿಗೆ ಗೊತ್ತಿಲ್ಲದೆ ಅವರ ದುಡ್ಡು ಪಣದಲ್ಲಿದೆ. ‘ನೀ ಹೇಳ್ತಿಯೋ, ನಾ ಹೇಳ್ಲೋ?’ ಅಂದೆ. ಅವನೇ ಹೇಳಿದ, ಅಷ್ಟರಲ್ಲಿ 11,000 ಹೋಗಿತ್ತು. ಅವನು ನನ್ನ ಜೊತೆ ಮೂರು ತಿಂಗಳು ಮಾತಾಡಲಿಲ್ಲ. ಸ್ವಂತ ದುಡಿಮೆಯ 11,000 ಆಗಿದ್ದರೆ ನಾನು ನಡುವೆ ಬರುತ್ತಲೇ ಇರಲಿಲ್ಲ.

ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ಅವರು ಬೇಡ ಅಂದರು. ಅವರ ಪ್ರವಚನಕ್ಕೆ ನಸುಕಿನಲ್ಲೇ ಹೋಗಿ ಕೂರುತ್ತಿದ್ದ ಕಾಕಾ ಈಗ ಡಿಮ್ಯಾಟ್ ಖಾತೆ ಕೇಳುವುದು ಕೆಲವರಿಗೆ ತಮಾಷೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲ್ಲ. ಫೀ ಕಟ್ಟಬೇಕಾದ ಮಗಳಿರುವ ಮನುಷ್ಯನಿಗೆ ಜೇಬು ಬೇಕು.

ಅಂದಹಾಗೆ ಇಂಡೆಕ್ಸ್ ಫಂಡಿಗೆ ಡಿಮ್ಯಾಟ್ ಕಡ್ಡಾಯವಲ್ಲ, ಅದಿಲ್ಲದೆಯೂ ನಡೆಯುತ್ತೆ. ಮುಂದಿನ ಸಲ ಮಣೂಕ ಮಾರಿದ ಮೇಲೆ ಫೋನಿನಲ್ಲಿ ಕಾಕಾನ ಕೆವೈಸಿ ಮುಗಿಸಿದೆವು. ನಾಮಿನಿ ಕಾಲಂ ಬಂದಾಗ ಅವರು ಕನ್ನಡಕ ಏರಿಸಿಕೊಂಡು ಮಗಳ ಹೆಸರು ಹೇಳಿದರು, ಆಮೇಲೆ ಒಳಗೆ ಕೂಗಿ ಕಾಕುಗೂ ಕೇಳಿದರು. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ಪಾಸ್‌ವರ್ಡ್ ನನಗೂ ಬರದು ಕೊಡ್ರಿ’ ಅಂದರು.