ಅರ್ಧ ಲೆಕ್ಕ

ರನ್ನನ ‘ಗದಾಯುದ್ಧ’ವನ್ನು ಪಾಠಮಾಡುವಾಗ ಪ್ರತಿವರ್ಷವೂ ನಾನು ಒಂದು ಕಡೆ ತುಸು ನಿಲ್ಲುತ್ತೇನೆ. ದುರ್ಯೋಧನ ಹೆಣಗಳ ನಡುವೆ ನಡೆದುಬರುತ್ತ ದ್ರೋಣನಿಗಾಗಿ, ಕರ್ಣನಿಗಾಗಿ ಮರುಗುತ್ತಾನೆ. ಅದು ಸಹಜ. ಆದರೆ ಅಭಿಮನ್ಯುವಿನ ಶವದ ಮುಂದೆಯೂ ನಿಂತು, ಅಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ರನ್ನನಾದರೋ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದವನು. ಗೆದ್ದವನ ಕವಿ ಸೋತವನ ಅಳಲನ್ನು ಮುಚ್ಚಿಡಲಿಲ್ಲ.

ಈಚೆಗೆ ಜಯನಗರದ ನಮ್ಮ ತರಗತಿಯಲ್ಲಿ ಈ ಭಾಗ ಮುಗಿದಾಗ ಬೀದರ್ ಕಡೆಯ ಹುಡುಗನೊಬ್ಬ ಎದ್ದು ನಿಂತ. “ಸರ್, ನಮ್ಮ ಮುತ್ಯಾ ರಜಾಕಾರರ ಹಾವಳಿ ಹೇಳ್ತಿದ್ರು. ಪೊಲೀಸ್ ಆಕ್ಷನ್ ಆದಮ್ಯಾಲ ಏನಾತು ಅಂದ್ರ ಸುಮ್ಮನಾಗ್ತಿದ್ರು. ಯಾಕ್ರಿ?”

ನಾನು ಅವನಿಗೆ ಪಂಡಿತ ಸುಂದರಲಾಲರ ವಿಷಯ ಹೇಳಿದೆ. 1929ರಲ್ಲಿ ಪ್ರಕಟವಾದ ಅವರ ‘ಭಾರತ್ ಮೇ ಅಂಗ್ರೇಜಿ ರಾಜ್’ ಎಂಬ ಇತಿಹಾಸಗ್ರಂಥವನ್ನು ಬ್ರಿಟಿಷ್ ಸರ್ಕಾರ ನಿಷೇಧಿಸಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನು ಶರಣಾದ ಮೇಲೆ, ಹೈದರಾಬಾದು ಸಂಸ್ಥಾನದ ಸ್ಥಿತಿಯನ್ನು ನೋಡಿಬರಲು ಕೇಂದ್ರ ಸರ್ಕಾರ ಅವರ ನೇತೃತ್ವದಲ್ಲಿ ಒಂದು ತಂಡವನ್ನು ಕಳುಹಿಸಿತು. ಬೀದರ್ ಜಿಲ್ಲೆಯ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯ ನೆನಪು ಇನ್ನೂ ಹಸಿಯಾಗಿತ್ತು. ಸೇಡು ಮಾತ್ರ ರಜಾಕಾರರನ್ನಷ್ಟೇ ಹುಡುಕಿಕೊಂಡು ಹೋಗಲಿಲ್ಲ. ಏನೂ ಅರಿಯದ ಮುಸ್ಲಿಮರ ಮನೆಗಳಿಗೂ ನುಗ್ಗಿತು. ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂದು ತಂಡ ಅಂದಾಜು ಮಾಡಿತು. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡೂ ಇದ್ದವು. ಕೆಲವೆಡೆ ಹಿಂದೂ ನೇಕಾರರು ತಮ್ಮ ಪ್ರಾಣ ತೆತ್ತು ಮುಸ್ಲಿಂ ನೇಕಾರರನ್ನು ಕಾಪಾಡಿದ ಸಂಗತಿಯೂ ಆ ವರದಿಯಲ್ಲಿದೆ. ಸ್ವತಂತ್ರ ಭಾರತದ ಸರ್ಕಾರ ದಶಕಗಳ ಕಾಲ ಅದನ್ನು ಪ್ರಕಟಿಸಲಿಲ್ಲ.

ಹಳೆಯ ಗಾಯವನ್ನು ಕೆದಕಬಾರದೆಂಬ ಮಾತಿನಲ್ಲಿ ತಿರುಳಿಲ್ಲದೆ ಇಲ್ಲ. ಒಂದೇ ಬಾವಿಯ ನೀರು ಕುಡಿದು ಬಾಳಬೇಕಾದವರಿಗೆ ಮರೆವೂ ಒಂದು ಮದ್ದು. ಆದರೆ ನಾವು ಮರೆಯುವುದು ನಮ್ಮವರ ತಪ್ಪನ್ನು. ನೆನೆಯುವುದು ಎದುರಿನವರ ತಪ್ಪನ್ನು. ಇದು ಮರೆವಲ್ಲ, ಅರ್ಧ ಲೆಕ್ಕ. ಗೋರಟಾವನ್ನು ಮರೆಯಿರಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಅದನ್ನು ನೆನೆದು, ಮುಂದಿನ ಪುಟವನ್ನು ಹರಿದುಹಾಕುವ ಹಕ್ಕೂ ಇಲ್ಲ. ಹರಿದರೆ ಕೊಂದವರ ಪಾಪದೊಡನೆ ಆ ನೇಕಾರರ ಪುಣ್ಯವೂ ಕಳೆದುಹೋಗುತ್ತದೆ. ಪರಕೀಯರ ಅನ್ಯಾಯವನ್ನು ಬರೆದ ಕೈಯೇ ತನ್ನವರ ಅನ್ಯಾಯವನ್ನೂ ಬರೆದಾಗ ಚರಿತ್ರಕಾರನ ಬಾಳು ಸಾರ್ಥಕ.

ಆ ಮುತ್ಯಾನ ಮೌನವನ್ನು ನಾನು ಹೇಡಿತನವೆನ್ನಲಾರೆ. ಮನಸ್ಸಿಗೆ ಚುಚ್ಚದಿದ್ದರೆ ಮಾತು ಅಲ್ಲಿಯೇ ಏಕೆ ನಿಲ್ಲಬೇಕು? ಆದರೆ ಮೌನವನ್ನು ಮೊಮ್ಮಗ ಓದಲಾರ. ಯಾರಾದರೂ ಬರೆದಿಡಬೇಕು.